ಫೋನಿಗೆ ಒಂದು ಮುಗಿಯುವ ಕೆಲಸ

ಪ್ರಶ್ನೆ: ಮೇಡಂ, ನಾನು ಬೇಲೂರು ತಾಲ್ಲೂಕು ಬಿಕ್ಕೋಡು ಕಡೆಯ ಒಂದು ಹಳ್ಳಿಯವಳು. ವಯಸ್ಸು 29. ಬಿ.ಎ. ಓದಿದ್ದೇನೆ. ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಗನಿಗೆ ನಾಲ್ಕು ವರ್ಷ. ಮಧ್ಯಾಹ್ನ ಅವನು ಮಲಗಿದ ಮೇಲೆ ಐದು ನಿಮಿಷ ಅಂತ ಫೋನ್ ಹಿಡಿಯುತ್ತೇನೆ. ತಲೆ ಎತ್ತುವಾಗ ಎರಡು ಗಂಟೆ ಕಳೆದಿರುತ್ತೆ. ಏನು ನೋಡಿದೆ ಅಂತ ಕೇಳಿದರೆ ಒಂದೂ ನೆನಪಿರಲ್ಲ. ರಾತ್ರಿಯೂ ಅದೇ ಕತೆ. ಎರಡು ಸಲ ಆ್ಯಪ್ ಡಿಲೀಟ್ ಮಾಡಿದೆ. ಮೂರನೇ ದಿನಕ್ಕೆ ಮತ್ತೆ ಹಾಕಿಕೊಂಡೆ. ಅತ್ತೆ ದಿನಾ ಬೈತಾರೆ. ಬೇಜಾರಾಗುತ್ತೆ, ಆದರೆ ಅವರು ಹೇಳೋದು ಸುಳ್ಳಲ್ಲ. ಕಾಲೇಜಿನಲ್ಲಿದ್ದಾಗ ಚಿತ್ರ ಬರೆಯುತ್ತಿದ್ದೆ, ರಂಗೋಲಿಗೆ ಬಹುಮಾನ ಬಂದಿತ್ತು. ಈಗ ಕೈ ಅದನ್ನು ಮರೆತೇಬಿಟ್ಟಿದೆ. ಕೀಪ್ಯಾಡ್ ಸೆಟ್ ತಗೊಳ್ಳೋಣ ಅಂದರೆ ಅಂಗನವಾಡಿ ಗ್ರೂಪು, ದುಡ್ಡು ಕಳಿಸೋದು ಎಲ್ಲಾ ಇದರಲ್ಲೇ. ನಾನು ಫೋನಿನ ಚಟಕ್ಕೆ ಬಿದ್ದುಬಿಟ್ಟೆನಾ? ಹೊರಗೆ ಬರೋದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಬೇಸರ ಕಂಡಿತು. ಎರಡನೇ ಸಲ ‘ಐದು ನಿಮಿಷ ಅಂತ’ ಅನ್ನುವ ಮಾತು ಕಂಡಿತು. ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಮಾತೇ. ನೀವು ಫೋನ್ ತೆಗೆಯುವಾಗ ಒಂದು ಕೊನೆ ಇಟ್ಟುಕೊಂಡೇ ತೆಗೆಯುತ್ತೀರಿ. ನೀವು ತೆರೆಯುವ ಆ್ಯಪಿಗೆ ಮಾತ್ರ ಕೊನೆ ಅನ್ನೋದೇ ಇಲ್ಲ.

ನಿಮ್ಮ ಸುತ್ತಲಿನ ಕೆಲಸಗಳನ್ನೇ ನೋಡಿ. ಬೆಳಿಗ್ಗೆ ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದರೆ ಅವತ್ತಿನದು ಮುಗಿಯಿತು. ರಂಗೋಲಿಗೆ ಕೊನೆಯ ಎಳೆ ಇದೆ. ಟಿ.ವಿ. ಧಾರಾವಾಹಿ ಕೂಡ ಅರ್ಧ ಗಂಟೆಗೆ ನಿಂತು ನಮ್ಮನ್ನು ಎಬ್ಬಿಸುತ್ತದೆ. ಇಂಟರ್ನೆಟ್ಟಿನಲ್ಲೂ ಮೊದಲು ಪುಟದ ತಳದಲ್ಲಿ 1, 2, 3 ಅಂತ ನಂಬರ್ ಇರುತ್ತಿತ್ತು. ಮುಂದಿನ ಪುಟ ಬೇಕಾದರೆ ನಾವೇ ಒತ್ತಬೇಕಿತ್ತು. ಒತ್ತುವ ಮೊದಲು ‘ಇನ್ನು ಸಾಕು’ ಅನ್ನಿಸಲು ಒಂದು ಗಳಿಗೆ ಸಿಗುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಗಾರರು ಬೆರಳು ಸರಿಸಿದಂತೆಲ್ಲ ಹೊಸದು ತಾನಾಗಿ ಬಂದು ಸೇರುವ ವಿಧಾನ ಕಂಡುಹಿಡಿದರು. ಓದುವವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಆಮೇಲೆ ಅದಕ್ಕಾಗಿ ಅವರೇ ಬಹಿರಂಗವಾಗಿ ಬೇಸರಪಟ್ಟಿದ್ದಾರೆ. ನಮ್ಮ ಕಡೆ 2016ರಿಂದ ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಆ ಜಾಗಕ್ಕೆ ಜುಲೈನಲ್ಲಿ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂತು. ಈಗ ಬೆರಳು ಸರಿಸುವುದಷ್ಟೇ ಕೆಲಸ.

ಇನ್ನೊಂದು ಕಾರಣವೂ ಇದೆ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಕಳೆದ ಶತಮಾನದ ನಡುವಿನಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಅಂತ ಲೆಕ್ಕ ಗೊತ್ತಿದ್ದಾಗ ಪಾರಿವಾಳ ತಿಂದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಯಾವ ಕುಕ್ಕಿಗೆ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಬಿಡದೆ ಕುಕ್ಕುತ್ತದೆ. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಹತ್ತು ವಿಡಿಯೋದಲ್ಲಿ ಒಂದು ಚೆನ್ನಾಗಿರುತ್ತದೆ, ಅದು ಮೂರನೆಯದೋ ಒಂಬತ್ತನೆಯದೋ ಗೊತ್ತಿಲ್ಲ, ಅಲ್ವಾ? ನಿಮ್ಮ ಬೆರಳು ಮಾಡುತ್ತಿರುವುದೂ ಅದನ್ನೇ. ಇದರಲ್ಲಿ ನಿಮ್ಮ ಗುಣದ ದೋಷ ಏನೂ ಇಲ್ಲ.

‘ಚಟ’ ಅಂತ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮ್ ಆಡುವ ಗೀಳಿಗೆ ಜಾಗ ಇದೆ, ಸ್ಮಾರ್ಟ್‌ಫೋನ್ ಚಟ ಅನ್ನುವ ಹೆಸರಿನ ಕಾಯಿಲೆ ಇಲ್ಲ. ಹಾಗಂತ ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ನಿಮಗೆ ನೀವೇ ಆ ಹಣೆಪಟ್ಟಿ ಅಂಟಿಸಿಕೊಳ್ಳಬೇಡಿ. ಹಾಸನದಲ್ಲಿ ಇಷ್ಟು ವರ್ಷ ಜನರ ಕಷ್ಟ ಕೇಳುತ್ತಾ ನಾನು ಕಂಡ ಹಾಗೆ, ‘ನಾನು ಚಟಗಾರ್ತಿ’ ಅಂದುಕೊಂಡವರು ಬೇಗ ಕೈಚೆಲ್ಲುತ್ತಾರೆ. ‘ನನಗೊಂದು ಅಭ್ಯಾಸ ಬಿದ್ದಿದೆ’ ಅಂದುಕೊಂಡವರು ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುತ್ತಾರೆ.

ಈಗ ಡಿಲೀಟ್ ಮಾಡಿದ ವಿಷಯಕ್ಕೆ ಬರೋಣ. ಅದು ಮೂರೇ ದಿನ ನಿಂತದ್ದು ಯಾಕೆ ಗೊತ್ತಾ? ಆ್ಯಪ್ ಹೋಯಿತು, ಆ ಎರಡು ಗಂಟೆ ಖಾಲಿ ಉಳಿಯಿತು. ನಿಮ್ಮ ದಿನದಲ್ಲಿ ನಿಮ್ಮದು ಅಂತ ಇರುವ ಹೊತ್ತು ಅದೊಂದೇ ಅಂತ ನನ್ನ ಊಹೆ. ಬೆಳಿಗ್ಗೆ ಮನೆಗೆ, ಆಮೇಲೆ ಮಗುವಿಗೆ, ಸಂಜೆ ಮತ್ತೆ ಒಲೆಗೆ. ನಡುವೆ ಸಿಗುವ ಆ ತುಂಡು ಹೊತ್ತಿನಲ್ಲಿ ಮನಸ್ಸು ಏನಾದರೂ ನನ್ನದೇ ಅನ್ನುವಂಥದ್ದನ್ನು ಕೇಳುತ್ತದೆ. ಕೈಗೆ ಹತ್ತಿರ ಇದ್ದದ್ದು ಫೋನು. ಅದನ್ನು ಕಿತ್ತುಕೊಂಡರೆ ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತದೆ. ಆ ಹೊತ್ತಿಗೆ ಒಂದು ಕೆಲಸ ಬೇಕು. ನಿಮಗೆ ಇಷ್ಟವಾದ, ಒಂದು ಕಡೆ ಶುರುವಾಗಿ ಒಂದು ಕಡೆ ಮುಗಿಯುವ ಕೆಲಸ. ಅದಕ್ಕೆ ಫೋನನ್ನೇ ಬಳಸಬಹುದು. ಹಾಗಾಗಿ ಕೀಪ್ಯಾಡ್ ಸೆಟ್ ಬೇಡ. ನಾಲ್ಕು ದಿನ ಆದ ಮೇಲೆ ಯಜಮಾನರ ಫೋನ್ ಕೇಳುವ ಹಾಗಾಗುತ್ತದೆ, ಅದು ಇನ್ನೊಂದು ಜಗಳ.

ಮೊದಲು ಫೋನಿಗೆ ಮನೆಯಲ್ಲಿ ಒಂದು ಜಾಗ ಮಾಡಿ. ನಿಮ್ಮ ಕಡೆಯ ಹಳೇ ಮನೆಗಳಲ್ಲಿ ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಅಂಥದ್ದಿದ್ದರೆ ಅದೇ ಸರಿ. ಇಲ್ಲದಿದ್ದರೆ ಅಡುಗೆಮನೆಯ ಒಂದು ಷೆಲ್ಫು. ಚಾರ್ಜರ್ ಅಲ್ಲೇ ಇರಲಿ. ಸೆರಗಿನಲ್ಲಿ, ನೈಟಿ ಜೇಬಿನಲ್ಲಿ, ದಿಂಬಿನ ಕೆಳಗೆ ಬೇಡ. ರಿಂಗ್ ಜೋರಾಗಿಟ್ಟರೆ ಕರೆ ತಪ್ಪುವುದಿಲ್ಲ. ತೆಗೆಯಲು ಹೋದಾಗ ಏನಕ್ಕೆ ಅಂತ ಬಾಯಿ ಬಿಟ್ಟು ಹೇಳಿ: ‘ಅಂಗನವಾಡಿ ಮೆಸೇಜ್ ನೋಡಕ್ಕೆ.’ ಹೇಳಲು ಏನೂ ತೋಚದಿದ್ದರೆ ಅಭ್ಯಾಸಕ್ಕೆ ಕೈ ಹೋಗಿದೆ ಅಂತ ಗೊತ್ತಾಗುತ್ತದೆ. ಆಗಲೂ ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ಗೊತ್ತಿದ್ದು ತೆಗೆಯಿರಿ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತ ಇರುತ್ತದೆ. ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿರಿ, ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಇದ್ದಿರಿ ಅಂತ ಅಲ್ಲಿ ಕಾಣುತ್ತದೆ. ಅಲ್ಲೇ ಒಂದೊಂದು ಆ್ಯಪಿಗೂ ಟೈಮರ್ ಹಾಕಬಹುದು. ಹೊತ್ತಾದ ಮೇಲೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದು ಕಷ್ಟ ಏನಲ್ಲ, ಆದರೆ ಆ ‘ಇನ್ನು ಸಾಕು’ ಅನ್ನುವ ಗಳಿಗೆ ವಾಪಸ್ ಬರುತ್ತದೆ. ನನಗೆ ಬೇಕಾದದ್ದು ಅದೇ.

ಇನ್ನು ಕೆಲಸ ಯಾವುದು? ನಿಮ್ಮ ಪತ್ರದಲ್ಲೇ ಇದೆ. ಅತ್ತೆ.

ನಿಮ್ಮ ಅತ್ತೆಗೆ 60 ದಾಟಿರಬಹುದು ಅಂದುಕೊಳ್ಳುತ್ತೇನೆ. ಆ ವಯಸ್ಸಿನ ಹೆಂಗಸರಿಗೆ ಸೋಬಾನೆ ಪದ, ಬೀಸೋ ಪದ, ನಾಟಿ ಪದ, ಗೌರಿ ಹಬ್ಬದ ಹಾಡು, ಏನಾದರೊಂದು ಗೊತ್ತಿರುತ್ತದೆ. ‘ನಂಗೆಲ್ಲಿ ಬರುತ್ತೆ’ ಅನ್ನುತ್ತಾರೆ, ಎರಡು ದಿನ ಬಿಟ್ಟು ಕೇಳಿದರೆ ಹಾಡುತ್ತಾರೆ. ಹಾಡು ಬರುವುದಿಲ್ಲವಾದರೆ ಕತೆ, ಒಗಟು, ಹೆರಿಗೆ ಬಾಣಂತನದ ಮದ್ದು, ತೋಟದ ಹಳೇ ಹೆಸರುಗಳು. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಆ ಕೆಲಸದ ಜೊತೆ ಇದ್ದ ಪದಗಳು ಇವತ್ತು ಇಂಥ ಅತ್ತೆಯಂದಿರ ಗಂಟಲಲ್ಲಿ ಮಾತ್ರ ಇವೆ. ನನ್ನ ಅಜ್ಜಿಯ ಒಂದೇ ಒಂದು ಹಾಡೂ ನನ್ನ ಹತ್ತಿರ ಇಲ್ಲ. ಆಗ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಆದರೂ ಯಾರಿಗೂ ಹೊಳೆಯಲಿಲ್ಲ. ಅದರ ನೋವು ನನಗೆ ಈಗಲೂ ಇದೆ. ನಿಮಗೆ ಹೇಳುವಾಗ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಮಾಡುವುದು ಹೀಗೆ. ಫೋನಿನಲ್ಲಿ ರೆಕಾರ್ಡರ್ ಆ್ಯಪ್ ಇರುತ್ತದೆ, ಅದನ್ನೇ ಬಳಸಿ. ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜ್ ಬೇಡ, ಅದರಲ್ಲಿ ದನಿ ತೆಳುವಾಗುತ್ತದೆ. ಶುರು ಮಾಡುವ ಮೊದಲು ಫ್ಲೈಟ್ ಮೋಡ್ ಹಾಕಿ. ನಡುವೆ ಕರೆ ಬಂದು ಹಾಡು ಕಡಿಯುವುದಿಲ್ಲ, ಒಂದು ನೋಟಿಫಿಕೇಶನ್ನೂ ಬರುವುದಿಲ್ಲ. ಆ ಅರ್ಧ ಗಂಟೆ ನಿಮ್ಮ ಫೋನು ಬರೀ ಕಿವಿ. ಮಡಿಸಿದ ಟವಲಿನ ಮೇಲೆ ಫೋನ್ ಇಟ್ಟು, ಅತ್ತೆಯ ಬಾಯಿಂದ ಒಂದೂವರೆ ಅಡಿ ದೂರದಲ್ಲಿರಲಿ. ಬರೀ ನೆಲದ ಮೇಲೋ ಮೇಜಿನ ಮೇಲೋ ಇಟ್ಟರೆ ಬಳೆ ತಾಗಿದ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ದೊಡ್ಡ ಹಾಲಿಗಿಂತ ಬಟ್ಟೆ, ಹಾಸಿಗೆ ತುಂಬಿದ ಸಣ್ಣ ಕೋಣೆ ಒಳ್ಳೆಯದು, ದನಿ ಪ್ರತಿಧ್ವನಿಸುವುದಿಲ್ಲ. ಮಳೆಗಾಲದಲ್ಲಿ ಶೀಟ್ ಛಾವಣಿ ಕೆಳಗೆ ಕೂತರೆ ಮಳೆಯೇ ಕೇಳುವುದು, ಅಂಥ ದಿನ ಬಿಟ್ಟುಬಿಡಿ. ಹುಂಜ ಕೂಗಿದರೆ ಕೂಗಲಿ.

ಒತ್ತಿದ ತಕ್ಷಣ ನೀವು ಮಾತಾಡಿ: ಇವತ್ತಿನ ತಾರೀಕು, ಊರು, ಹಾಡುವವರ ಹೆಸರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು. ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ‘ಯಾರಿಂದ ಕಲಿತ್ರಿ?’ ಅಂದರೆ ಅತ್ತೆಯ ತವರು, ಅವರ ಅವ್ವ, ಜೊತೆಗೆ ನಾಟಿಗೆ ಹೋಗುತ್ತಿದ್ದ ಗೆಳತಿಯರು ಎಲ್ಲರೂ ಬರುತ್ತಾರೆ. ಕೆಲವು ಸಲ ಹಾಡಿಗಿಂತ ಅದೇ ಚೆನ್ನಾಗಿರುತ್ತದೆ. ಮಧ್ಯೆ ಮರೆತರೆ ನಿಲ್ಲಿಸಬೇಡಿ, ರೆಕಾರ್ಡ್ ಓಡಲಿ. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಗಂಟೆಯ ದನಿಗೆ ಸುಮಾರು 60 ಎಂಬಿ ಸಾಕು, ಜಾಗದ ಚಿಂತೆ ಇಲ್ಲ.

ಮುಗಿದ ಮೇಲೆ ಫೈಲಿಗೆ ಹೆಸರು ಕೊಡಿ. ‘ರೆಕಾರ್ಡಿಂಗ್ 14’ ಅಂತ ಬಿಟ್ಟರೆ ಆರು ತಿಂಗಳಿಗೆ ಯಾವುದು ಯಾವುದೋ ತಿಳಿಯುವುದಿಲ್ಲ. ತಾರೀಕು, ಹಾಡಿನ ಮೊದಲ ಎರಡು ಪದ, ಇಷ್ಟಿರಲಿ. ಎರಡು ಕಡೆ ಉಳಿಸಿ: ಗೂಗಲ್ ಡ್ರೈವಿನಲ್ಲಿ ಒಂದು, ಯಜಮಾನರ ಫೋನಿನಲ್ಲೋ ಪೆನ್‌ಡ್ರೈವಿನಲ್ಲೋ ಇನ್ನೊಂದು. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ಫೈಲು ಇದ್ದ ಹಾಗೇ ಹೋಗುತ್ತದೆ.

ಮಧ್ಯಾಹ್ನದ ನಿಮ್ಮ ಎರಡು ಗಂಟೆಗೆ ಸರಿಯಾದ ಕೆಲಸ ಆಮೇಲೆ ಶುರುವಾಗುತ್ತದೆ. ಹಾಡನ್ನು ಕೇಳುತ್ತಾ ಬರೆದುಕೊಳ್ಳುವುದು. ಒಂದು ಸಾಲು ಕೇಳಿ, ನಿಲ್ಲಿಸಿ, ಬರೆಯಿರಿ. ನೋಟ್‌ಬುಕ್ಕಿನಲ್ಲಿ ಬರೆದರೂ ಸರಿ, ಫೋನಿನಲ್ಲಿ ಟೈಪ್ ಮಾಡಿದರೂ ಸರಿ. ಕೀಬೋರ್ಡಿನ ಮೈಕ್ ಒತ್ತಿ ನೀವೇ ಓದಿದರೆ ಕನ್ನಡದಲ್ಲಿ ಟೈಪ್ ಆಗುತ್ತದೆ, ಆದರೆ ಹಳ್ಳಿಯ ಮಾತನ್ನು ಅದು ಪುಸ್ತಕದ ಮಾತಿಗೆ ತಿರುಗಿಸಿಬಿಡುತ್ತದೆ. ಅತ್ತೆ ‘ಆಲು’ ಅಂದಿದ್ದರೆ ‘ಆಲು’ ಅಂತಲೇ ಬರೆಯಿರಿ, ‘ಹಾಲು’ ಅಂತ ತಿದ್ದಬೇಡಿ. ಅದು ತಪ್ಪಲ್ಲ, ಅದು ಅವರ ಕನ್ನಡ. ಅರ್ಥವಾಗದ ಪದ ಬಂದರೆ ಗುರುತು ಹಾಕಿ ಸಂಜೆ ಅವರನ್ನೇ ಕೇಳಿ. ಐದು ನಿಮಿಷದ ಹಾಡು ಬರೆಯಲು ಒಂದು ಗಂಟೆ ಹಿಡಿಯುತ್ತದೆ. ನಿಧಾನ ಅಂತ ಅನ್ನಿಸಬಹುದು. ಆದರೆ ಒಂದು ಗಂಟೆ ಕಳೆದ ಮೇಲೆ ಏನು ಮಾಡಿದೆ ಅಂತ ಕೇಳಿದರೆ ನಿಮಗೆ ಪ್ರತಿ ಸಾಲೂ ನೆನಪಿರುತ್ತದೆ.

ಒಂದು ಮಾತು. ಅವರನ್ನು ಕೇಳದೆ ಹಾಡನ್ನು ಎಲ್ಲಿಯೂ ಹಾಕಬೇಡಿ. ಮನೆಯವರಿಗಷ್ಟೇ ಅಂತ ಹೇಳಿದರೆ ಅಷ್ಟಕ್ಕೇ ಇರಲಿ. ಹಾಡು ಅವರದು.

ಅತ್ತೆಯ ಬೈಗುಳದ ಬಗ್ಗೆಯೂ ಹೇಳಬೇಕು. ಅವರು ಹೇಳುವುದು ಸುಳ್ಳಲ್ಲ ಅಂತ ನೀವೇ ಒಪ್ಪಿದ್ದೀರಿ, ಸರಿ. ಆದರೆ ಮನೆಯಲ್ಲಿ ಗಂಡಸರು ರಾತ್ರಿ ಹನ್ನೊಂದರ ತನಕ ಫೋನ್ ನೋಡಿದರೆ ಅದು ದಣಿವು ಆರಿಸಿಕೊಳ್ಳುವುದು, ಸೊಸೆ ನೋಡಿದರೆ ಸೋಮಾರಿತನ. ಈ ತಾರತಮ್ಯವನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ, ಅದು ಸರಿಯಲ್ಲ. ಸುಸ್ತಾದಾಗ ಅರ್ಧ ಗಂಟೆ ಸುಮ್ನೆ ಏನಾದರೂ ನೋಡುವುದಕ್ಕೆ ನಿಮಗೂ ಹಕ್ಕಿದೆ. ಟೈಮರ್ ಇಟ್ಟುಕೊಂಡು ನೆಮ್ಮದಿಯಿಂದ ನೋಡಿ. ತಪ್ಪು ಮಾಡುತ್ತಿದ್ದೇನೆ ಅಂದುಕೊಂಡು ನೋಡಿದರೆ ದಣಿವೂ ಆರುವುದಿಲ್ಲ.

ನೀವು ಚಿತ್ರ ಬರೆಯುವವರು, ಹಾಗಾಗಿ ಕ್ಯಾಮೆರಾ ಬಗ್ಗೆ ಹೇಳದೆ ಇರಲಾರೆ. ನಿಮ್ಮದೇ ತಾಲ್ಲೂಕಿನಲ್ಲಿ ಹಲ್ಮಿಡಿ ಇದೆ. ಕ್ರಿ.ಶ. ಸುಮಾರು 450ರ ಶಾಸನ ಸಿಕ್ಕ ಊರು. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗ ಮೊದಲು ಬರುವ ಹೆಸರು ಅದೇ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಆ ಕಲ್ಲು ಬೆಳಕಿಗೆ ಬರುವ ತನಕ ಅದೂ ಊರಿನ ಒಂದು ಕಲ್ಲಾಗಿತ್ತು, ಅಷ್ಟೇ. ನಿಮ್ಮ ಊರ ಬಾಗಿಲಲ್ಲೋ, ಕೆರೆ ಏರಿ ಮೇಲೋ, ಗುಡಿಯ ಹಿಂದೆಯೋ ಹೋರಾಡಿ ಸತ್ತ ವೀರನ ನೆನಪಿನ ವೀರಗಲ್ಲೋ, ಸತಿ ಹೋದವಳ ನೆನಪಿನ ಮಾಸ್ತಿಕಲ್ಲೋ ಇರಬಹುದು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲೇ ಒಂದು ಸಂಪುಟವಾಗಿ ಪ್ರಕಟಿಸಿದರು. ಆದರೆ ಅಕ್ಷರ ಇಲ್ಲದ, ಬರೀ ಚಿತ್ರ ಇರುವ ಕಲ್ಲುಗಳು ಎಷ್ಟೋ ಲೆಕ್ಕಕ್ಕೆ ಸಿಗದೆ ಉಳಿದಿವೆ.

ಇಂಥ ಕಲ್ಲಿನ ಫೋಟೋ ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಏನೂ ಕಾಣುವುದಿಲ್ಲ, ಎಲ್ಲ ಚಪ್ಪಟೆ. ಬೆಳಿಗ್ಗೆ ಏಳರ ಹೊತ್ತಿಗೋ ಸಂಜೆ ಐದರ ಮೇಲೋ ಹೋಗಿ. ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದ ಕತ್ತಿ, ಬಿಲ್ಲು, ವೀರನನ್ನು ಎರಡು ಕಡೆ ಹಿಡಿದುಕೊಂಡ ಅಪ್ಸರೆಯರು ಎದ್ದು ಬರುತ್ತಾರೆ. ಇನ್ನೂ ಚೆನ್ನಾಗಿ ಬೇಕಾದರೆ ಕತ್ತಲಾದ ಮೇಲೆ ಯಜಮಾನರನ್ನು ಕರೆದುಕೊಂಡು ಹೋಗಿ. ಅವರ ಫೋನಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಕಲ್ಲನ್ನು ಸವರುವ ಹಾಗೆ ಹಿಡಿಯಲು ಹೇಳಿ, ನೀವು ಎದುರಿನಿಂದ ತೆಗೆಯಿರಿ. ಹಗಲು ಕಾಣದ ಗೆರೆಗಳು ಕಾಣುತ್ತವೆ. ಶಾಸನ ಓದುವವರೂ ಇದೇ ಉಪಾಯ ಮಾಡುತ್ತಾರೆ. ಕಲ್ಲಿಗೆ ಸೀಮೆಸುಣ್ಣ, ವಿಭೂತಿ, ಎಣ್ಣೆ ಏನನ್ನೂ ಹಚ್ಚಬೇಡಿ. ಆಮೇಲೆ ಫೋಟೋ ನೋಡಿಕೊಂಡು ಆ ಕಲ್ಲಿನ ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ನಿಮ್ಮ ಕೈ ಮರೆತಿಲ್ಲ ಅನ್ನೋದು ಆಗ ನಿಮಗೇ ಗೊತ್ತಾಗುತ್ತದೆ.

ಬೇಲೂರಿಗೆ ಹೋದಾಗಲೂ ಒಂದು ಪ್ರಯೋಗ ಮಾಡಿ. ಲಿಂಡಾ ಹೆಂಕೆಲ್ ಎಂಬ ಅಮೆರಿಕದ ಸಂಶೋಧಕಿ ಒಂದು ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವುದರ ಫೋಟೋ ತೆಗೆಯಲು ಹೇಳಿದರು. ಮರುದಿನ ಕೇಳಿದರೆ, ಫೋಟೋ ತೆಗೆದ ವಸ್ತುಗಳ ನೆನಪು ಕಡಿಮೆ ಇತ್ತು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಕಣ್ಣು ಬಿಟ್ಟುಬಿಟ್ಟಿತ್ತು. ಆದರೆ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ಇದು 2014ರ ಅಧ್ಯಯನ. ಚೆನ್ನಕೇಶವ ದೇವಸ್ಥಾನದ ಮುಂದೆ ನಿಂತು ಇಡೀ ಗುಡಿಯ ಫೋಟೋ ತೆಗೆದು ಬರುವವರೇ ಜಾಸ್ತಿ. ನೀವು ಒಬ್ಬಳೇ ಒಬ್ಬ ಶಿಲಾಬಾಲಿಕೆಯನ್ನು ಆರಿಸಿಕೊಳ್ಳಿ. ಅವಳ ಕೈಬಳೆ, ಮುಡಿ, ಕಾಲ್ಬೆರಳು, ಮೇಲಿನ ಎಲೆಗೊಂಚಲು, ಹತ್ತು ಫೋಟೋ. ಅಷ್ಟಕ್ಕೆ ನಿಲ್ಲಿಸಿ. ಬಳಪದ ಕಲ್ಲಿನ ಆ ನಯವನ್ನು ನೋಡಿದ ಕೈಗೆ ರಂಗೋಲಿಯ ಬಳ್ಳಿ ಬೇರೆ ಥರ ಬರುತ್ತದೆ.

ಕಾಫಿ ಹೂವನ್ನೂ ಹೀಗೇ ಮಾಡಬಹುದು. ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆಯ ಮಳೆ, ಬಿದ್ದ ದಿನದಿಂದ ಒಂದೇ ಗಿಡದ ಒಂದೇ ರೆಂಬೆಯನ್ನು ದಿನಕ್ಕೊಂದು ಫೋಟೋ, ಒಂದೇ ಹೊತ್ತಿಗೆ, ಒಂದೇ ಜಾಗದಿಂದ. ಎಂಟು ಹತ್ತು ದಿನಕ್ಕೆ ಮೊಗ್ಗು ಅರಳುತ್ತದೆ, ಆಮೇಲೆ ಎರಡು ಮೂರು ದಿನಕ್ಕೆ ಕಂದುತ್ತದೆ. ಹದಿನಾಲ್ಕು ಫೋಟೋಗೆ ಕೆಲಸ ಮುಗಿಯಿತು. ಪಕ್ಕದಲ್ಲಿ ಮಳೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಅಂತ ಯಜಮಾನರನ್ನು ಕೇಳಿ ಬರೆದಿಡಿ, ಎಸ್ಟೇಟಿನಲ್ಲಿ ಅಳೆದಿರುತ್ತಾರೆ.

ಮಗನ ಕೈಗೆ ಫೋನ್ ಕೊಡುವ ವಿಷಯ ನೀವು ಬರೆದಿಲ್ಲ, ಆದರೆ ನಾಲ್ಕು ವರ್ಷದ ಹುಡುಗ ಕೇಳದೆ ಇರುತ್ತಾನಾ? ಅವನೊಬ್ಬನೇ ನೋಡುವುದಕ್ಕಿಂತ ಇಬ್ಬರೂ ಸೇರಿ ಮಾಡುವಂಥದ್ದು ಇರಲಿ. ಹುಣಸೆ ಬೀಜ ತಗೊಂಡು ನೆಲದ ಮೇಲೆ ಹಾವಿನ ಆಕಾರ ಮಾಡಿ. ಫೋನನ್ನು ಎರಡು ಡಬ್ಬಿಗಳ ಮೇಲೆ ಅಡ್ಡವಾಗಿ, ಕ್ಯಾಮೆರಾ ಕೆಳಗೆ ಕಾಣುವಂತೆ ಇಡಿ. ಅವನು ಬೀಜವನ್ನು ಕೂದಲೆಳೆಯಷ್ಟು ಸರಿಸಬೇಕು, ನೀವು ಒಂದು ಫೋಟೋ. ಮತ್ತೆ ಸರಿಸಬೇಕು, ಮತ್ತೊಂದು. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಐದು ಸೆಕೆಂಡಿಗೆ 60 ಬೇಕು. ‘ಸ್ಟಾಪ್ ಮೋಷನ್ ಸ್ಟುಡಿಯೋ’ ಅಂತ ಒಂದು ಆ್ಯಪ್ ಇದೆ, ಅದು ಎಲ್ಲವನ್ನೂ ಜೋಡಿಸಿ ವಿಡಿಯೋ ಮಾಡುತ್ತದೆ. ಹಾವು ಹರಿದಾಡುವುದನ್ನು ಕಂಡಾಗ ಆ ಮುಖ ನೋಡಬೇಕು ನೀವು! ವಿಡಿಯೋ ಅನ್ನೋದು ಯಾರೋ ಕೂತು ಮಾಡುವಂಥದ್ದು, ತನಗೂ ಬರುತ್ತದೆ ಅಂತ ಅವನಿಗೆ ಆ ವಯಸ್ಸಿಗೇ ಗೊತ್ತಾಗುತ್ತದೆ. ಬೆಳಿಗ್ಗೆ ಹಕ್ಕಿ ಕೂಗುವಾಗ ‘ಮರ್ಲಿನ್’ ಆ್ಯಪ್ ಹಿಡಿದರೆ ಯಾವ ಹಕ್ಕಿ ಅಂತ ಹೇಳುತ್ತದೆ. ಹಕ್ಕಿಗಳ ಪಟ್ಟಿಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ತೋಟದಲ್ಲೂ ನಡೆಯುತ್ತದೆ. ಮಡಿವಾಳ, ಪಿಕಳಾರ, ಕೆಂಬೂತ, ಇಷ್ಟು ಗೊತ್ತಾದರೆ ಸಾಕು. ನಿಮ್ಮ ಕಡೆ ಹಳ್ಳದ ಹತ್ತಿರ ಸರಳೆ ಸಿಳ್ಳಾರ ಸಿಕ್ಕರೆ ಅದೃಷ್ಟ. ಮನುಷ್ಯರು ಸಿಳ್ಳೆ ಹಾಕಿದ ಹಾಗೇ ಕೇಳುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಕೊಡಲೇಬೇಕು, ಯಾಕೆಂದರೆ ನಾನೇ ಅದರಲ್ಲಿ ಸಿಕ್ಕಿಬಿದ್ದಿದ್ದೆ. ಕೆಲವು ವರ್ಷದ ಹಿಂದೆ ನಾನು ದಿನಕ್ಕೊಂದು ದೇವಸ್ಥಾನದ ಕೆತ್ತನೆಯ ಫೋಟೋ ತೆಗೆದು ಒಂದು ಆ್ಯಪಿನಲ್ಲಿ ಹಾಕುತ್ತಿದ್ದೆ. ಮೊದಲ ತಿಂಗಳು ಖುಷಿಯಾಗಿತ್ತು. ದೊಡ್ಡಗದ್ದವಳ್ಳಿ, ಮೊಸಳೆ, ಹಳೇಬೀಡು, ಭಾನುವಾರ ಬಂದರೆ ಸುತ್ತಾಟ. ಎರಡನೇ ತಿಂಗಳಿಗೆ ಯಾವ ಫೋಟೋಗೆ ಲೈಕ್ ಜಾಸ್ತಿ ಬರುತ್ತದೆ ಅಂತ ನೋಡತೊಡಗಿದೆ. ಮೂರನೇ ತಿಂಗಳಿಗೆ ಗುಡಿಯ ಮುಂದೆ ನಿಂತೇ ಹಿಂದಿನ ದಿನದ ಫೋಟೋದ ಲೈಕ್ ಎಣಿಸುತ್ತಿದ್ದೆ. ಎದುರಿಗಿದ್ದ ಕಲ್ಲು ನನಗೆ ಕಾಣುತ್ತಿರಲಿಲ್ಲ. ಲೈಕ್ ಕೂಡ ಆ ಪಾರಿವಾಳದ ಕಾಳೇ, ಯಾವಾಗ ಬೀಳುತ್ತದೆ ಗೊತ್ತಿಲ್ಲ. ಏನನ್ನೋ ಮಾಡುತ್ತಿದ್ದೇನೆ ಅನ್ನುವ ಹೆಸರಿನಲ್ಲಿ ಕುಕ್ಕುತ್ತಾ ಕೂತಿದ್ದೆ.

ಹಾಗಾಗಿ ನಿಮಗೆ ಹೇಳುವುದು: ಮಾಡುವ ದಿನ ಬೇರೆ, ತೋರಿಸುವ ದಿನ ಬೇರೆ ಇರಲಿ. ಮೊದಲ ಮೂರು ತಿಂಗಳು ಎಲ್ಲೂ ಹಾಕಲೇಬೇಡಿ. ಗೊತ್ತಿರುವ ನಾಲ್ಕು ಜನಕ್ಕೆ ತೋರಿಸಿ. ಹಾಡಾದರೆ ಅತ್ತೆಗೆ, ಅವರ ತಂಗಿಗೆ, ನಾದಿನಿಗೆ. ಅವರು ‘ಅಯ್ಯೋ, ಇದು ನಮ್ಮವ್ವ ಹಾಡ್ತಿದ್ದ ಪದ’ ಅಂದರೆ ಅದಕ್ಕಿಂತ ಏನು ಬೇಕು? ಹೊರಗಿನವರಿಗೂ ಸಿಗಲಿ ಅನ್ನಿಸಿದರೆ ಕಲ್ಲುಗಳ ಫೋಟೋವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಉಚಿತ ಫೋಟೋ ಸಂಗ್ರಹಕ್ಕೆ ಹಾಕಬಹುದು. ಅಲ್ಲಿ ಲೈಕ್ ಬಟನ್ ಇಲ್ಲ. ಊರಿನ ಹೆಸರು, ಜಾಗ, ತಾರೀಕು ಬರೆದು ಹಾಕಿದರೆ ಯಾರು ಬೇಕಾದರೂ ಹೆಸರು ಹೇಳಿ ಬಳಸುತ್ತಾರೆ, ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಪುಟಕ್ಕೂ ಸೇರಬಹುದು.

ರಾತ್ರಿಯ ವಿಷಯ ಬೇರೆ. ರಾತ್ರಿ ಯಾವ ಕೆಲಸವೂ ಬೇಡ. ಒಂಬತ್ತೂವರೆಗೆ ಫೋನ್ ಗೂಡಿಗೆ ಹೋಗಲಿ. ಅಲಾರಂಗೆ ಬೇಕು ಅನ್ನುತ್ತೀರಾ? ಒಂದು ಸಣ್ಣ ಅಲಾರಂ ಗಡಿಯಾರ ತಗೊಳ್ಳಿ.

ಕೊನೆಯದಾಗಿ ನೀವು ಬರೆಯದೆ ಇರಬಹುದಾದ ಒಂದು ವಿಷಯ. ಮಗು ಹುಟ್ಟಿದ ಮೇಲೆ, ಊರು ಬದಲಾದ ಮೇಲೆ ಕೆಲವರಿಗೆ ಒಳಗೇ ಕತ್ತಲು ಕವಿಯುತ್ತದೆ. ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು, ಬದುಕೇ ಬೇಡ ಅನ್ನುವ ಯೋಚನೆ. ಅದರಿಂದ ತಪ್ಪಿಸಿಕೊಳ್ಳಲು ಫೋನ್ ಹಿಡಿದಿರುತ್ತಾರೆ. ನಿಮ್ಮದು ಹೀಗಿದ್ದರೆ ನಾನು ಹೇಳಿದ ಹಾಡು, ಫೋಟೋ ಯಾವುದೂ ಮದ್ದಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಫೋನಿನದೇ ಕಷ್ಟ ಕೈಮೀರಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಅಂತ ಒಂದು ಕ್ಲಿನಿಕ್ ಇದೆ. ಮೊಬೈಲ್, ಗೇಮ್, ಇಂಟರ್ನೆಟ್ ಕಷ್ಟಗಳಿಗೆಂದೇ 2014ರಲ್ಲಿ ಶುರುವಾದದ್ದು. ನಿಮ್ಮ ಪತ್ರ ಓದಿದರೆ ಅಲ್ಲಿಗೆ ಹೋಗುವಷ್ಟು ಆಗಿಲ್ಲ ಅಂತ ನನಗೆ ಅನ್ನಿಸುತ್ತದೆ.

ನಾಳೆಯೇ ಎಲ್ಲ ಶುರು ಮಾಡಬೇಡಿ. ಮೊದಲ ವಾರ ಫೋನಿಗೆ ಜಾಗ ಮಾತ್ರ. ಎರಡನೇ ವಾರ ಅತ್ತೆ ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಕೂತಾಗ ಪಕ್ಕದಲ್ಲಿ ಕೂತು, ‘ಅತ್ತೆ, ನೀವು ಮೊಟ್ಟಮೊದಲು ಕಲಿತ ಪದ ಯಾವುದು?’ ಅಂತ ಕೇಳಿ. ಆಗಲೇ ಫೋನ್ ತೆಗೆಯಬೇಡಿ, ಮೊದಲು ಬರೀ ಕೇಳಿ. ‘ಇನ್ನೊಂದು ಸಲ ಹೇಳಿ, ಉಳಿಸಿಟ್ಟುಕೊಳ್ಳುತ್ತೇನೆ’ ಅಂತ ಅವರನ್ನು ಕೇಳಿ, ಒಪ್ಪಿದ ಮೇಲೆ ಗೂಡಿನಿಂದ ಫೋನ್ ತನ್ನಿ. ಅದು ಯಾವ ಪದ ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.